ಕೊತ್ತಿಯ ಮೇಲೇ ಯಾಕೆ ಕೋಪ?

ಈ ತಿಂಗಳು ಬಂದ ಪತ್ರಗಳನ್ನು ಓದುತ್ತಾ ಹೋದ ಹಾಗೆ, ಒಂದೇ ಪ್ರಶ್ನೆಯನ್ನು ನಾಲ್ಕು ಜನ ನಾಲ್ಕು ಥರ ಬರೆದ ಹಾಗೆ ಅನ್ನಿಸಿತು. ಚೆನ್ನಾಗಿದ್ದವರು ಯಾಕೆ ಇಷ್ಟು ಕಠಿಣವಾಗುತ್ತಾರೆ? ಇನ್ನೊಬ್ಬರನ್ನು ನೋಯಿಸಿ ಅವರಿಗೇನು ಸಿಗುತ್ತದೆ? ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು ಈ ನಾಲ್ಕನ್ನೇ ತೆಗೆದುಕೊಂಡಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಅಕ್ಕ, ನನಗೆ ಮದುವೆಯಾಗಿ ಆರು ವರ್ಷ. ನಮ್ಮತ್ತೆ ತಮ್ಮ ಅತ್ತೆಯಿಂದ ಪಟ್ಟ ಪಾಡನ್ನು ಎಷ್ಟೋ ಸಲ ನನಗೆ ಹೇಳಿದ್ದಾರೆ. ಬಾಣಂತನ ಮುಗಿಯುವ ಮೊದಲೇ ಹೊಲಕ್ಕೆ ಕಳಿಸಿದ್ದರಂತೆ. ಹೇಳುವಾಗ ಅಳುತ್ತಾರೆ. ಕಣ್ಣೊರೆಸಿಕೊಂಡು ಐದು ನಿಮಿಷ ಆಗಿರುವುದಿಲ್ಲ, ನಾನು ಮಾಡಿದ ಸಾರು ಬಾಯಿಗಿಟ್ಟು ಎಲ್ಲರ ಮುಂದೆ, 'ನಿಮ್ ತವರುಮನೇಲಿ ಇದಕ್ಕೆ ಸಾರು ಅಂತಾರಾ' ಅಂತಾರೆ. ನಾನು ಟೀ ಮಾಡಿಕೊಂಡು ಕುಡಿದರೆ ಬಂದು ಹಾಲಿನ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆ. ಏನೂ ಅನ್ನುವುದಿಲ್ಲ, ನೋಡಿ ಮುಚ್ಚುತ್ತಾರೆ ಅಷ್ಟೇ. ಅನುಭವಿಸಿದವರಿಗೆ ಇನ್ನೊಬ್ಬರ ನೋವು ಗೊತ್ತಾಗಬೇಕಲ್ವಾ? ನನಗೆ ಇನ್ನೊಂದು ಹೆದರಿಕೆ. ನಾಳೆ ನಾನೂ ಹೀಗೇ ಆಗ್ತೀನಾ? 
– ಹೆಸರು ಬೇಡ, ದಾವಣಗೆರೆ

ಉತ್ತರ: ಗೊತ್ತಾಗದೆ ಏನು ತಂಗಿ, ಚೆನ್ನಾಗಿಯೇ ಗೊತ್ತಾಗುತ್ತದೆ. ಎಲ್ಲಿ ಮುಟ್ಟಿದರೆ ನೋಯುತ್ತದೆ ಅನ್ನುವುದು ನೊಂದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಯಿಬಿಟ್ಟು ಬೈಯುವುದಕ್ಕಿಂತ ಆ ಹಾಲಿನ ಪಾತ್ರೆಯ ಮುಚ್ಚಳ ಜಾಸ್ತಿ ಚುಚ್ಚುತ್ತದೆ ಅಂತ ನಿಮ್ಮತ್ತೆಗೆ ಹಿಂದೆ ಯಾರೋ ಮಾಡಿ ತೋರಿಸಿದ್ದಾರೆ.

ನಾವು 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಅಂತ ನಗುತ್ತಾ ಹೇಳುತ್ತೇವೆ. ಆ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಿ. ಕಷ್ಟ ನಿಲ್ಲುತ್ತದೆ ಅಂತ ಅದರಲ್ಲಿ ಎಲ್ಲಿಯೂ ಇಲ್ಲ. ನಿನ್ನ ಸರದಿ ಬರುತ್ತದೆ ಅಂತ ಮಾತ್ರ ಇದೆ. ನಿಮ್ಮತ್ತೆಯನ್ನು ಆ ಮನೆಯಲ್ಲಿ ಅಷ್ಟು ವರ್ಷ ತಡೆದು ಹಿಡಿದದ್ದು ಆ ಸರದಿಯ ಆಸೆಯೇ ಇರಬಹುದು. ಹೊಲಕ್ಕೆ ಕಳಿಸಿದ ದಿನ ಯಾರಾದರೂ ಒಬ್ಬರು ಬಂದು 'ಇದು ತಪ್ಪು, ಬಾಣಂತಿಗೆ ಹೀಗೆ ಮಾಡಬಾರದು' ಅಂದಿದ್ದರೆ ಅವರ ಮನಸ್ಸು ಬೇರೆ ದಾರಿ ಹಿಡಿಯುತ್ತಿತ್ತೋ ಏನೋ. ಯಾರೂ ಅನ್ನಲಿಲ್ಲ. ಆದ್ದರಿಂದ ಅದು ತಪ್ಪು ಅಂತ ಅಲ್ಲ, ಮನೆ ಅಂದರೆ ಹೀಗೇ ಅಂತ ಅವರು ಕಲಿತರು. ಇವತ್ತು ನೀವು ಸಲೀಸಾಗಿ ಟೀ ಕುಡಿದು ಕೂತರೆ ಅವರೊಳಗೆ ಒಂದು ಪ್ರಶ್ನೆ ಏಳುತ್ತದೆ: ಹಾಗಾದರೆ ನಾನು ಯಾಕೆ ಅಷ್ಟು ಪಟ್ಟೆ? ಆ ಪ್ರಶ್ನೆಯನ್ನು ತಡೆದುಕೊಳ್ಳುವುದು ಕಷ್ಟ. ನಿಮ್ಮನ್ನು ಅನ್ನುವುದು ಸುಲಭ.

'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ' ಅನ್ನುವ ಗಾದೆ ಚಿಕ್ಕಂದಿನಲ್ಲಿ ಕೇಳಿದಾಗ ನನಗೆ ಕೊತ್ತಿಯ ಮೇಲೆ ಪಾಪ ಅನ್ನಿಸುತ್ತಿತ್ತು. ಈಗ ಅದರಲ್ಲಿ ಬೇರೇನೋ ಕಾಣುತ್ತದೆ. ಕೋಪಕ್ಕೆ ಕಣ್ಣಿಲ್ಲ ಅಂತಾರಲ್ಲ, ನಾನು ಒಪ್ಪುವುದಿಲ್ಲ. ಅದಕ್ಕೆ ಚೆನ್ನಾಗಿ ಕಣ್ಣು ಕಾಣುತ್ತದೆ. ಮನೆಯಲ್ಲಿ ಅಷ್ಟು ಜನರಿದ್ದರೂ ಅದು ಹುಡುಕಿಕೊಂಡು ಹೋಗುವುದು ಯಾರ ಹತ್ತಿರವೂ ದೂರು ಹೇಳಲಾಗದ ಕೊತ್ತಿಯನ್ನೇ. ನಿಮ್ಮತ್ತೆ ಮಗನ ಜೊತೆ ಹೀಗೆ ಮಾತಾಡುತ್ತಾರಾ? ಬೀಗರ ಜೊತೆ? ಕಿರಾಣಿ ಅಂಗಡಿಯವನ ಜೊತೆ? ಒಂದು ವಾರ ಗಮನಿಸಿ. ಮಾತಾಡುವುದಿಲ್ಲ ಅಂದರೆ ಅವರಿಗೆ ತಡೆದುಕೊಳ್ಳುವುದು ಬರುತ್ತದೆ ಅಂತ ಅರ್ಥ. ನಿಮ್ಮ ಹತ್ತಿರ ತಡೆದುಕೊಳ್ಳಬೇಕು ಅಂತ ಅನ್ನಿಸಿಲ್ಲ, ಅಷ್ಟೇ.

ನಾನೂ ಹೀಗೇ ಆಗ್ತೀನಾ ಅಂತ ಕೇಳಿದ್ದೀರಿ. ಆಗಲೇಬೇಕು ಅಂತೇನಿಲ್ಲ, ಅದಕ್ಕೆ ನನಗೆ ಬಹಳ ಇಷ್ಟವಾದ ಒಂದು ಉದಾಹರಣೆ ಹೇಳುತ್ತೇನೆ. ಆಫ್ರಿಕಾದ ಕೀನ್ಯಾದಲ್ಲಿ ರಾಬರ್ಟ್ ಸಪೋಲ್ಸ್ಕಿ ಅನ್ನುವ ವಿಜ್ಞಾನಿ ಬಹಳ ವರ್ಷ ಬಬೂನ್ ಎಂಬ ದೊಡ್ಡ ಮಂಗಗಳ ಗುಂಪುಗಳನ್ನು ಗಮನಿಸಿದರು. ಜಗಳದಲ್ಲಿ ಸೋತ ಗಂಡು ತಿರುಗಿ ತನಗಿಂತ ಚಿಕ್ಕದನ್ನು ಅಟ್ಟಿಸಿಕೊಂಡು ಹೋಗುತ್ತದೆ, ಆ ಚಿಕ್ಕದು ಇನ್ನೂ ಚಿಕ್ಕದನ್ನು ಕಚ್ಚುತ್ತದೆ. ಅಲ್ಲಿಯೂ ಕೊತ್ತಿಯ ಕಥೆಯೇ. 1980ರ ದಶಕದಲ್ಲಿ ಒಂದು ಗುಂಪಿನ ಜಗಳಗಂಟ ಗಂಡುಗಳು ಪ್ರವಾಸಿಗರ ವಸತಿಗೃಹದ ಕಸದ ಗುಂಡಿಗೆ ನುಗ್ಗಿ ಕೆಟ್ಟ ಮಾಂಸ ತಿಂದು ಕ್ಷಯ ಬಂದು ಸತ್ತವು. ಉಳಿದದ್ದು ಹೆಣ್ಣುಗಳು ಮತ್ತು ಸಾಧು ಗಂಡುಗಳು. ಗುಂಪಿನಲ್ಲಿ ಕಚ್ಚಾಟ ಕಡಿಮೆಯಾಯಿತು, ಒಂದರ ಮೈಯಿಂದ ಇನ್ನೊಂದು ಹೇನು ಹೆಕ್ಕುವುದು ಜಾಸ್ತಿಯಾಯಿತು. ಇಲ್ಲಿಯವರೆಗೆ ಆಶ್ಚರ್ಯವಿಲ್ಲ. ಹತ್ತು ವರ್ಷದ ಹೊತ್ತಿಗೆ ಆ ಹಳೆಯ ಗಂಡುಗಳೂ ಇರಲಿಲ್ಲ. ಬೇರೆ ಗುಂಪುಗಳಿಂದ, ಕಚ್ಚಾಟ ನೋಡಿಯೇ ಬೆಳೆದ ಹೊಸ ಗಂಡುಗಳು ಬಂದು ಸೇರಿದ್ದವು. ಬಂದವು ಇಲ್ಲಿಯ ರೀತಿ ಕಲಿತವು! ಮಂಗಗಳಿಗೇ ಆಯಿತು ಅಂದಮೇಲೆ ನಿಮಗೆ ಆಗುವುದಿಲ್ಲವಾ? ಈ ಹೆದರಿಕೆ ನಿಮಗೆ ಈಗಲೇ ಇದೆಯಲ್ಲ, ನಿಮ್ಮತ್ತೆಗೆ ಆ ವಯಸ್ಸಿನಲ್ಲಿ ಅದು ಬರುವುದಕ್ಕೂ ಬಿಡುವಿರಲಿಲ್ಲ.

ಕೊನೆಯದಾಗಿ ಒಂದು ವಿಷಯ, ಇದು ಮುಖ್ಯ. ನಿಮ್ಮ ಪತ್ರ ಎರಡು ಪುಟ ಇದೆ. ಅದರಲ್ಲಿ ನಿಮ್ಮ ಗಂಡನ ಬಗ್ಗೆ ಒಂದು ಸಾಲೂ ಇಲ್ಲ. 'ಎಲ್ಲರ ಮುಂದೆ' ಅಂತ ಬರೆದಿದ್ದೀರಿ, ಆ ಎಲ್ಲರಲ್ಲಿ ಅವರೂ ಇರುತ್ತಾರಾ? ತಲೆ ತಗ್ಗಿಸಿ ಉಣ್ಣುತ್ತಾರಾ? ಹಾಗಿದ್ದರೆ ಅತ್ತೆಗೆ ಬುದ್ಧಿ ಹೇಳುವ ಕೆಲಸ ನೀವು ಮಾಡಬೇಡಿ. ನಿಮ್ಮ ಗಂಡನಿಗೆ ಈ ಪುಟ ತೋರಿಸಿ. ಅಮ್ಮನ ಜೊತೆ ಜಗಳ ಆಡುವುದೂ ಬೇಡ. ಮುಂದಿನ ಸಲ ಆ ಮಾತು ಬಂದ ತಕ್ಷಣ 'ಅಮ್ಮ, ಸಾರು ಚೆನ್ನಾಗಿದೆ, ನನಗೆ ಇನ್ನೊಂದು ಸೌಟು' ಅಂದರೆ ಸಾಕು. ಮಗ ನೋಡುತ್ತಿದ್ದಾನೆ ಅಂತ ಗೊತ್ತಾದರೆ ಎಷ್ಟೋ ಮಾತು ಗಂಟಲಲ್ಲೇ ನಿಲ್ಲುತ್ತದೆ.

ಅತ್ತೆ ಹೀಗೆ ಯಾಕೆ ಅಂತ ಅರ್ಥವಾದರೆ ಸಹಿಸಿಕೊಂಡು ಇರಬೇಕು ಅಂತ ನಾನು ಹೇಳುತ್ತಿಲ್ಲ. ಇದು ಮಿತಿಮೀರಿದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಹೊಡೆತ ಮಾತ್ರ ಅಲ್ಲ, ಬೈಗುಳ, ಅವಮಾನ ಕೂಡ ಅದರಲ್ಲಿ ಬರುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ ಕೇಳಬಹುದು.

ಪ್ರಶ್ನೆ: ಮೇಡಂ, ನಾನು ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷದಿಂದ ಟೈಲರ್. ನನ್ನ ಪಕ್ಕದ ಮಿಷನ್‌ನಲ್ಲೇ ಕೂತು ಕಾಲರ್ ಹೊಲಿಯುತ್ತಿದ್ದವಳು ಹೋದ ವರ್ಷ ಸೂಪರ್‌ವೈಸರ್ ಆದಳು. ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ತಿಂದವರು ನಾವು. ಈಗ ಗಂಟೆಗೆ ಎರಡು ಪೀಸ್ ಕಡಿಮೆ ಬಿದ್ದರೂ ಅವಳ ಬಾಯಲ್ಲಿ ಬರುವ ಮಾತು ಇಲ್ಲಿ ಬರೆಯಲಾಗುವುದಿಲ್ಲ. ಬಾತ್‌ರೂಮಿಗೆ ಹೋಗಿ ಬಂದರೆ ವಾಚ್ ನೋಡುತ್ತಾಳೆ. ಅಧಿಕಾರ ಸಿಕ್ಕರೆ ಮನುಷ್ಯರು ಇಷ್ಟು ಬದಲಾಗ್ತಾರಾ? ಇಲ್ಲ ಮೊದಲಿಂದಲೂ ಅವಳು ಹೀಗೇ ಇದ್ದು ನನಗೇ ಗೊತ್ತಾಗಲಿಲ್ವಾ? 
– ಪೀಣ್ಯ, ಬೆಂಗಳೂರು

ಉತ್ತರ: ಎರಡೂ ಅಲ್ಲ ಅನ್ನಿಸುತ್ತದೆ ನನಗೆ. ನಿಮ್ಮ ಗೆಳತಿಯ ಒಂದು ದಿನವನ್ನು ಸ್ವಲ್ಪ ನೆನೆಸಿಕೊಳ್ಳಿ. ಲೈನ್ ಪಕ್ಕ ಬೋರ್ಡ್ ಇರುತ್ತದೆ, ಗಂಟೆ ಗಂಟೆಗೂ ಎಷ್ಟು ಪೀಸ್ ಅಂತ ಬರೆಯಬೇಕು. ಕಡಿಮೆ ಬಿದ್ದರೆ ಫ್ಲೋರ್ ಇನ್‌ಚಾರ್ಜ್ ಅವಳನ್ನು ಬೈಯುತ್ತಾನೆ. ಅವನನ್ನು ಪ್ರೊಡಕ್ಷನ್ ಮ್ಯಾನೇಜರ್ ಬೈದಿರುತ್ತಾನೆ. ಅವನ ತಲೆಯ ಮೇಲೆ ವಿದೇಶದ ಬೈಯರ್, ಶಿಪ್‌ಮೆಂಟ್ ತಾರೀಖು. ಮೇಲೆ ಹೇಳುವಾಗ ಅದು ಇಂಗ್ಲಿಷಿನಲ್ಲಿ, ಮರ್ಯಾದೆಯಾಗಿಯೇ ಇರುತ್ತದೆ. ಒಂದೊಂದು ಮೆಟ್ಟಿಲು ಇಳಿದಂತೆ ಮಾತು ಕೆಡುತ್ತದೆ. ನಿಮ್ಮ ಹತ್ತಿರ ಬರುವ ಹೊತ್ತಿಗೆ ಅದು ಬರೆಯಲಾಗದ ಮಾತಾಗಿರುತ್ತದೆ. ಜೊತೆಗೆ ಅವಳಿಗೆ ಇನ್ನೊಂದು ಸಂಕಟ ಇದೆ. ನಿನ್ನೆಯವರೆಗೆ ಇವರ ಜೊತೆ ಊಟ ಮಾಡಿದವಳು, ಇವಳು ಏನು ಕೆಲಸ ತೆಗೆಯುತ್ತಾಳೆ ಅಂತ ಮೇಲಿನವರು ನೋಡುತ್ತಿರುತ್ತಾರೆ. ಇವರು ನನ್ನವರಲ್ಲ ಅಂತ ತೋರಿಸಲಿಕ್ಕೆ ಅವಳು ನಿಮ್ಮನ್ನೇ ಎಲ್ಲರಿಗಿಂತ ಜಾಸ್ತಿ ಬೈಯಬಹುದು.

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬುವರು ಒಂದು ಪ್ರಯೋಗ ಶುರು ಮಾಡಿದರು. ಜಾಹೀರಾತು ನೋಡಿ ಬಂದ ಸಾಮಾನ್ಯ ಜನ. ಪಕ್ಕದ ಕೋಣೆಯಲ್ಲಿ ಇರುವವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಗುಂಡಿ ಒತ್ತಿ ಕರೆಂಟ್ ಶಾಕ್ ಕೊಡಬೇಕು, ಪ್ರತಿ ಸಲವೂ ಸ್ವಲ್ಪ ಜಾಸ್ತಿ. ನಿಜವಾಗಿ ಕರೆಂಟ್ ಇರಲಿಲ್ಲ, ಆದರೆ ಅದು ಅವರಿಗೆ ಗೊತ್ತಿಲ್ಲ. ಅವರು ಬೆವರಿದರು, ನಡುಗಿದರು, ನಿಲ್ಲಿಸೋಣ ಅಂತ ಕೇಳಿದರು. ಪ್ರಯೋಗ ನಡೆಸುತ್ತಾ ಕೋಟು ಹಾಕಿಕೊಂಡು ನಿಂತವನು 'ಮುಂದುವರಿಸಿ' ಅಂದ. 40 ಜನರಲ್ಲಿ 26 ಜನ ಕೊನೆಯ ಗುಂಡಿ, 450 ವೋಲ್ಟ್‌ವರೆಗೂ ಹೋದರು. ಈ ಪ್ರಯೋಗ ಎಲ್ಲರಿಗೂ ಗೊತ್ತು. ಅದರದೇ ಇನ್ನೊಂದು ಭಾಗವನ್ನು ಯಾರೂ ಅಷ್ಟು ಹೇಳುವುದಿಲ್ಲ. ಅದರಲ್ಲಿ ಜೊತೆಗೆ ಇನ್ನಿಬ್ಬರನ್ನು ಕೂರಿಸಿದ್ದರು. ಮೊದಲೇ ಹೇಳಿಕೊಟ್ಟ ಹಾಗೆ ಆ ಇಬ್ಬರೂ ನಡುವೆ 'ನಮ್ಮಿಂದ ಆಗುವುದಿಲ್ಲ' ಅಂತ ಎದ್ದುಬಿಟ್ಟರು. ಆಗ ಕೊನೆಯವರೆಗೆ ಹೋದವರು 40ರಲ್ಲಿ ನಾಲ್ಕೇ ಜನ.

ನಿಮ್ಮ ಲೈನ್‌ನಲ್ಲಿ ಎಷ್ಟು ಜನ ಇದ್ದೀರಿ? ನೀವೊಬ್ಬರೇ ಹೋಗಿ ಮಾತಾಡಬೇಡಿ. ಅವಳನ್ನು ಮೊದಲಿಂದ ಬಲ್ಲ ಇಬ್ಬರು ಮೂವರು, ಕೆಲಸ ಬಿಟ್ಟ ಮೇಲೆ ಗೇಟಿನ ಹೊರಗೆ, ಟೀ ಅಂಗಡಿ ಹತ್ತಿರ ಮಾತಾಡಿಸಿ. 'ನೀನು ಬದಲಾಗಿಬಿಟ್ಟೆ' ಅಂತ ಶುರು ಮಾಡಿದರೆ ಅವಳು ಎದ್ದು ಹೋಗುತ್ತಾಳೆ. 'ನಿನಗೆ ಮೇಲಿನವರು ಏನೇನು ಅಂತಾರೆ' ಅಂತ ಕೇಳಿ. ಅಳಬಹುದು ಅವಳು. ಅತ್ತರೂ ಆಮೇಲೆ ಹೇಳಬೇಕಾದದ್ದನ್ನು ಹೇಳದೆ ಬರಬೇಡಿ: ಟಾರ್ಗೆಟ್ ಕೇಳು, ಪೀಸ್ ಎಣಿಸು, ಆ ಮಾತು ಮಾತ್ರ ಬೇಡ, ಇನ್ನೊಂದು ಸಲ ಬಂದರೆ ನಾವೆಲ್ಲ ಒಟ್ಟಿಗೆ ಮೇಲೆ ಹೋಗಿ ಹೇಳುತ್ತೇವೆ. ಹೆಣ್ಣುಮಕ್ಕಳಿಗೆ ಆಡುವ ಹೊಲಸು ಮಾತಾದರೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಯಾವ ಕಡೆಯಾದರೂ ಆಂತರಿಕ ಸಮಿತಿ ಇರಲೇಬೇಕು ಅಂತ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ. ಅಲ್ಲಿ ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ.

2016ರ ಏಪ್ರಿಲ್ ನೆನಪಿದೆಯಾ? ನೀವು ಆಗ ಕೆಲಸದಲ್ಲಿ ಇದ್ದಿರಬೇಕು. ಪಿಎಫ್‌ನಲ್ಲಿ ಕಂಪನಿಯ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಜನ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಬಂದುಬಿಟ್ಟರು. ಎರಡೇ ದಿನದಲ್ಲಿ ದೆಹಲಿ ಆ ನಿಯಮ ವಾಪಸು ತೆಗೆದುಕೊಂಡಿತು. ತಿರುಗಿ ಮಾತಾಡುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದವರು ಅವರು.

ಪ್ರಶ್ನೆ: ನಾನು ಪಿಯುಸಿ ಮೊದಲ ವರ್ಷ. ನಮ್ಮದು ಐದು ಜನರ ಗುಂಪು. ಎರಡು ವಾರದಿಂದ ನಾನು ಊಟಕ್ಕೆ ಹೋಗುವಷ್ಟರಲ್ಲಿ ನನ್ನ ಜಾಗದಲ್ಲಿ ಬ್ಯಾಗ್ ಇಟ್ಟಿರುತ್ತಾರೆ. ಯಾರೂ ಬೈದಿಲ್ಲ, ಏನೂ ಅಂದಿಲ್ಲ. ಅಮ್ಮನಿಗೆ ಹೇಳಿದರೆ 'ಇಷ್ಟಕ್ಕೆಲ್ಲ ಅಳ್ತಾರಾ' ಅಂತಾರೆ. ನಾನು ಅತಿ ಮಾಡ್ತಿದೀನಾ? 
– ಶಿವಮೊಗ್ಗ

ಉತ್ತರ: ಇಲ್ಲ ಮಗು, ಅತಿ ಮಾಡ್ತಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರನ್ನು ಮಿದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಕಂಪ್ಯೂಟರಿನಲ್ಲಿ ಚೆಂಡಾಟ ಆಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಉಳಿದ ಇಬ್ಬರು ಇವರಿಗೆ ಚೆಂಡು ಹಾಕುವುದನ್ನೇ ನಿಲ್ಲಿಸುತ್ತಾರೆ. ಅಷ್ಟೇ. ಮೈಗೆ ಪೆಟ್ಟಾದಾಗ ಚುರುಕಾಗುವ ಮಿದುಳಿನ ಒಂದು ಭಾಗ ಆಗಲೂ ಚುರುಕಾಗಿತ್ತು. ಅಮ್ಮನಿಗೆ ಇದನ್ನು ಓದಿ ಹೇಳು.

ಆ ನಾಲ್ವರೂ ಕೆಟ್ಟವರು ಅಂತ ಅಂದುಕೊಳ್ಳಬೇಡ. ಬ್ಯಾಗ್ ಇಡುವವಳು ಒಬ್ಬಳು ಇರುತ್ತಾಳೆ. ಉಳಿದ ಮೂವರು, ನಾಳೆ ಆ ಬ್ಯಾಗ್ ತಮ್ಮ ಜಾಗಕ್ಕೆ ಬಂದರೆ ಅನ್ನುವ ಹೆದರಿಕೆಗೆ ಡಬ್ಬಿಯೊಳಗೆ ನೋಡುತ್ತಾ ಕೂತಿರುತ್ತಾರೆ. ಅವರಲ್ಲಿ ನಿನ್ನ ಮುಖ ನೋಡಲು ಆಗದೆ ಕಣ್ಣು ತಪ್ಪಿಸುವವಳು ಯಾರು ಅಂತ ನಿನಗೆ ಗೊತ್ತಿದೆ ಅಲ್ವಾ? ಅವಳು ಒಬ್ಬಳೇ ಸಿಕ್ಕಾಗ ಮಾತಾಡಿಸು. ನಾಳೆಯಿಂದ ಆ ಬೆಂಚಿನ ಮುಂದೆ ನಿಂತು ಕಾಯಬೇಡ, ನೇರವಾಗಿ ಬೇರೆ ಯಾರಾದರೂ ಒಬ್ಬಳೇ ಉಣ್ಣುತ್ತಿದ್ದರೆ ಅವಳ ಪಕ್ಕ ಕೂರು. ಪ್ರತಿ ಕ್ಲಾಸಿನಲ್ಲೂ ಅಂಥವಳೊಬ್ಬಳು ಇರುತ್ತಾಳೆ. ರಾತ್ರಿ ನಿದ್ದೆ ಬರುತ್ತಿಲ್ಲ, ಕಾಲೇಜೇ ಬೇಡ ಅನ್ನಿಸುತ್ತಿದೆ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಅಕ್ಕಾರ, ನನ್ನ ವಯಸ್ಸು 52. ತಾಯಿಗೆ 79. ಎರಡು ವರ್ಷದಿಂದ ಮರೆವು. ದಿನಕ್ಕೆ ಮೂವತ್ತು ನಲವತ್ತು ಸಲ 'ನಿಮ್ಮಪ್ಪ ಬಂದ್ರೇನು?' ಅಂತ ಕೇಳುತ್ತಾಳೆ. ಮೊನ್ನೆ ಬೆಳಿಗ್ಗೆ ಆಫೀಸಿಗೆ ಹೊತ್ತಾಗಿತ್ತು. ಉಪ್ಪಿಟ್ಟು ಮೈಮೇಲೆಲ್ಲ ಚೆಲ್ಲಿಕೊಂಡು ಮತ್ತೆ ಅದೇ ಕೇಳಿದಳು. ಕೈಯಿಂದ ತಟ್ಟೆ ಕಿತ್ತುಕೊಂಡು 'ಅಪ್ಪ ಸತ್ತು ಒಂಬತ್ತು ವರ್ಷ ಆತು' ಅಂತ ಕೂಗಿದೆ. ಆಗಷ್ಟೇ ಸುದ್ದಿ ತಿಳಿದವಳ ಹಾಗೆ ಅತ್ತಳು. ಹತ್ತು ನಿಮಿಷಕ್ಕೆ ಅವಳಿಗೆ ಮರೆತು ಹೋಯಿತು. ನನಗೆ ಮರೆಯುತ್ತಿಲ್ಲ. ಹೆಂಡತಿ ಶಾಲೆಗೆ ಹೋಗುತ್ತಾಳೆ, ತಂಗಿ ಬೆಳಗಾವಿಯಲ್ಲಿದ್ದಾಳೆ. ಯಾರನ್ನೂ ಒಂದು ಮಾತು ಅಂದವನಲ್ಲ ನಾನು. ನಾನು ಕೆಟ್ಟವನಾದೆನಾ? 
– ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರ ಓದಿ ಅವತ್ತು ಉತ್ತರ ಬರೆಯಲಾಗಲಿಲ್ಲ ನನಗೆ.

ನಮ್ಮತ್ತೆಗೆ ಲಕ್ವ ಹೊಡೆದು ಮಲಗಿದಾಗ ಒಂದೂವರೆ ವರ್ಷ ನಾನು ನೋಡಿಕೊಂಡೆ. ಒಂದು ದಿನ ತಲೆ ಬಾಚುತ್ತಿದ್ದೆ. ಹಿಂದಿನ ರಾತ್ರಿ ನಾಲ್ಕು ಸಲ ಎದ್ದಿದ್ದೆ, ಬೆಳಿಗ್ಗೆ ಮೈದುನ ಫೋನ್ ಮಾಡಿ ಅಮ್ಮನಿಗೆ ಹಣ್ಣಿನ ರಸ ಕೊಡಿ, ಬಿಸಿಲಿಗೆ ಕೂರಿಸಿ ಅಂತೆಲ್ಲ ಹೇಳಿದ್ದ. ಕೂದಲಲ್ಲಿ ಸಿಕ್ಕಿತ್ತು. ಎಳೆದೆ. ಕೈ ತಪ್ಪಿ ಆಯಿತು ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆ ಒಂದು ಕ್ಷಣ ಅವರಿಗೆ ನೋಯಲಿ ಅಂತಲೇ ಎಳೆದಿದ್ದೆ. ಅವರು ಏನೂ ಅನ್ನಲಿಲ್ಲ, ಕನ್ನಡಿಯಲ್ಲಿ ನನ್ನನ್ನು ನೋಡಿದರು. ಫೋನಿನಲ್ಲಿ ಮೈದುನನಿಗೆ ನಾನು 'ಆಯ್ತು ಆಯ್ತು' ಅಂದಿದ್ದೆ, ದನಿ ಕೂಡ ಎತ್ತಿರಲಿಲ್ಲ. ನಮ್ಮನೆಯಲ್ಲಿ ಕೊತ್ತಿ ಯಾರು ಅಂತ ಅವತ್ತು ಗೊತ್ತಾಯಿತು.

ಆದ್ದರಿಂದ ನೀವು ಮಾಡಿದ್ದು ಸಣ್ಣದು ಅಂತ ನಾನು ಹೇಳುವುದಿಲ್ಲ. ಅದು ನೋವೇ. ಆದರೆ ಕೆಟ್ಟವನಾ ಒಳ್ಳೆಯವನಾ ಅಂತ ಕೂತು ಲೆಕ್ಕ ಹಾಕಿದರೆ ನಾಳೆ ಬೆಳಿಗ್ಗೆ ಅದೇ ಹೊತ್ತಿಗೆ ಅದೇ ಕೂಗು ಬರುತ್ತದೆ. ನಿಮ್ಮ ಪತ್ರದಲ್ಲಿ 'ಆಫೀಸಿಗೆ ಹೊತ್ತಾಗಿತ್ತು' ಅಂತ ಒಂದು ಮಾತಿದೆಯಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. 1973ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಹುಡುಗರ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಅವರು ಮಾತಾಡಬೇಕಿತ್ತು, ದಾರಿಯಲ್ಲಿ ಒಬ್ಬ ನರಳುತ್ತಾ ಕುಸಿದು ಕೂತಿದ್ದ. ಬಿಡುವಿದೆ ಅಂತ ಹೇಳಿ ಕಳಿಸಿದವರಲ್ಲಿ ನೂರಕ್ಕೆ 63 ಜನ ನಿಂತು ವಿಚಾರಿಸಿದರು. ನಿಮಗೆ ಆಗಲೇ ತಡವಾಗಿದೆ ಅಂತ ಅಟ್ಟಿದವರಲ್ಲಿ ನೂರಕ್ಕೆ 10 ಜನ. ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದವನ ಬೈಬಲ್ ಕಥೆಯ ಮೇಲೆ ಮಾತಾಡಲು ಹೊರಟವರೂ ಅವರಲ್ಲಿದ್ದರು. ಮನಸ್ಸಿನಲ್ಲಿ ಕರುಣೆ ಇಲ್ಲ ಅಂತ ಅಲ್ಲ, ಅವಸರ ಅದನ್ನು ಮೇಲೆ ಬರಲು ಬಿಡುವುದಿಲ್ಲ. ತಡವಾಗಿ ಹೊರಟಿರುವ ಮನುಷ್ಯನಿಗೆ ಎದುರಿಗಿರುವವರು ಮನುಷ್ಯರಾಗಿ ಅಲ್ಲ, ಅಡ್ಡಿಯಾಗಿ ಕಾಣುತ್ತಾರೆ.

ಹಾಗಾಗಿ ಬೆಳಗಿನ ಆ ಅರ್ಧ ಗಂಟೆಯನ್ನು ಬದಲಾಯಿಸಿ. ತಾಯಿಯ ತಿಂಡಿ ನಿಮ್ಮ ಸ್ನಾನಕ್ಕೆ ಮೊದಲೇ ಆಗಲಿ. ಕೈ ನಡುಗುತ್ತಿದೆ ಅನ್ನಿಸಿದ ಕೂಡಲೇ ತಟ್ಟೆ ಕೆಳಗಿಟ್ಟು ಅಂಗಳಕ್ಕೆ ಹೋಗಿ ನಿಲ್ಲಿ, ಎರಡು ನಿಮಿಷ ತಾಯಿ ಒಬ್ಬರೇ ಕೂತರೆ ಏನೂ ಆಗುವುದಿಲ್ಲ. 'ನಿಮ್ಮಪ್ಪ ಬಂದ್ರೇನು' ಅಂದಾಗ ಸಾವಿನ ಸುದ್ದಿ ಮತ್ತೆ ಹೇಳಬೇಡಿ. ಅವರಿಗೆ ಪ್ರತಿ ಸಲವೂ ಅದು ಹೊಸ ಸಾವು. 'ಅಪ್ಪ ಸಂತಿಯಿಂದ ನಿನಗ ಏನು ತರ್ತಿದ್ದ ಹೇಳಬೇ' ಅಂತ ಕೇಳಿ ನೋಡಿ. ಅವರು ಹುಡುಕುತ್ತಿರುವುದು ಗಂಡನನ್ನು, ಉತ್ತರವನ್ನಲ್ಲ. ಗಂಡನ ಮಾತು ಬಂದರೆ ಸ್ವಲ್ಪ ಹೊತ್ತು ಸಮಾಧಾನ ಆಗುತ್ತದೆ.

ಡಾಕ್ಟರಿಗೆ ತೋರಿಸಿದ್ದೀರಾ ಅಂತ ಬರೆದಿಲ್ಲ. ಥೈರಾಯ್ಡ್ ತೊಂದರೆಯಿಂದ, ಬಿ12 ಕಡಿಮೆಯಾಗಿ ಕೂಡ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ವಯಸ್ಸಾಯಿತು ಅಂತ ಸುಮ್ನೆ ಬಿಡಬೇಡಿ. ನಿಮಗೆ ಹತ್ತಿರದಲ್ಲೇ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಹಿರಿಯರ ಸಹಾಯವಾಣಿ 14567. ಮೇಲೆ ಆ ಹುಡುಗಿಗೆ ಹೇಳಿದ 14416 ನಿಮಗೂ ಬೇಕು, ತಾಯಿಗಾಗಿ ಅಲ್ಲ, ನಿಮಗಾಗಿ.

ಇನ್ನು ಬೆಳಗಾವಿಯ ತಂಗಿ. ಅವಳಿಗೆ ಮೊನ್ನೆಯ ವಿಷಯ ಹೇಳಿದ್ದೀರಾ? ಹೇಳಿರುವುದಿಲ್ಲ. ನಾಚಿಕೆ, ನನಗೆ ಗೊತ್ತು. ಹೇಳಿ. 'ನಾನು ಅವ್ವನ ಮೇಲೆ ಕೂಗಿದೆ, ತಟ್ಟೆ ಕಿತ್ತುಕೊಂಡೆ, ನನಗೆ ತಿಂಗಳಿಗೆ ಒಂದು ವಾರ ಬೇಕು' ಅಂತ, ಇಷ್ಟೇ ಮಾತು. ನಾನು ಮೈದುನನಿಗೆ ಹೇಳಲೇ ಇಲ್ಲ. ನಮ್ಮತ್ತೆ ಹೋದ ಮೇಲೆ ಅವನೇ ಒಂದು ದಿನ 'ಅತ್ತಿಗೆ, ನೀವು ಕೇಳಿದ್ದರೆ ನಾನು ಬರುತ್ತಿದ್ದೆ' ಅಂದ. ಬರುತ್ತಿದ್ದನೋ ಇಲ್ಲವೋ, ನಾನಂತೂ ಕೇಳಿರಲಿಲ್ಲ.

ನಾಳೆ ಉಪ್ಪಿಟ್ಟು ಕೊಡುವಾಗ ಕೆಳಗೆ ಹಳೆ ಪೇಪರ್ ಹಾಸಿ, ಚೆಲ್ಲಲಿ ಬಿಡಿ. ತಂಗಿ ಏನಂದಳು ಅಂತ ನನಗೆ ಬರೆಯಿರಿ.